ದುಡ್ಡು ಕೊಟ್ಟು ನೂಕಿಸಿಕೊಳ್ಳುವುದು

ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನಾನು ಕಡಲೆಕಾಯಿ ಪರಿಷೆಗೆ ನೆಟ್ಟಗೆ ಹೋಗಿದ್ದು ನಾಲ್ಕೋ ಐದೋ ಸಲ. ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ "ಅಯ್ಯೋ, ಆ ಜನದಲ್ಲಿ ಯಾರು ಹೋಗ್ತಾರೆ" ಅಂತ ಮನೆಯಲ್ಲೇ ಉಳಿಯುತ್ತಿದ್ದೆವು. ಅಪ್ಪ ಬೆಳಗ್ಗೆ ಆರಕ್ಕೇ ಹೋಗಿ ಎರಡು ಸೇರು ಕಾಯಿ ತಂದುಬಿಡುತ್ತಿದ್ದರು, ಅಲ್ಲಿಗೆ ಪರಿಷೆ ಮುಗಿಯಿತು. ಅದೇ ನಾನು ಮೊನ್ನೆ ಶನಿವಾರ, ಈಗ ನಾವಿರುವ ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ 40 ಮೈಲಿಗೂ ಜಾಸ್ತಿ ದೂರ ಕಾರಿನಲ್ಲಿ ಹೋಗಿ, ಟಿಕೆಟ್ ಕೊಂಡು, ಎರಡು ಗಂಟೆ ಜನರ ಕೈಲಿ ನೂಕಿಸಿಕೊಂಡು ಬಂದೆ. ಸಂತೆಗೂ ಟಿಕೆಟ್ಟು!

ಸಂತೆಯ ಹೆಸರು 626 ನೈಟ್ ಮಾರ್ಕೆಟ್. 626 ಅನ್ನೋದು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್ ಕಣಿವೆಯ ಫೋನ್ ಕೋಡ್. ನಮ್ಮಲ್ಲಿ '080 ಸಂತೆ' ಅಂದ ಹಾಗೆ. ಚೀನಾ, ತೈವಾನ್ ಮೂಲದವರು ತುಂಬಾ ಇರುವ ಜಾಗ ಅದು, ತೈವಾನಿನ ರಾತ್ರಿ ಸಂತೆಗಳ ಮಾದರಿಯಲ್ಲೇ ಇದನ್ನೂ ಮಾಡಿದರು. 2012ರಲ್ಲಿ ಪಸಡೀನಾದಲ್ಲಿ ಶುರು ಮಾಡಿದಾಗ ಮೊದಲ ರಾತ್ರಿಯೇ ಜನ ಮುಗಿಬಿದ್ದು ರಸ್ತೆಗಳೆಲ್ಲ ಕಟ್ಟಿಹೋದವಂತೆ. ಆಗಲೇಬೇಕಲ್ವಾ? ಸಂಜೆ ಎಂಟಾದರೆ ಬೀದಿಯಲ್ಲಿ ನರಪಿಳ್ಳೆಯೂ ಕಾಣದ ಊರುಗಳಿವು.

ಈಗ ಅದು ಆರ್ಕೇಡಿಯಾದ ಸಾಂಟಾ ಅನೀಟಾ ರೇಸ್ ಕೋರ್ಸಿನಲ್ಲಿ ನಡೆಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಒಂದು ನಾತ ಮೂಗಿಗೆ ಬಡಿಯಿತು. ಕುದುರೆಗಳದ್ದಿರಬೇಕು ಅಂದುಕೊಂಡೆ, ಅಲ್ಲ, ಹುದುಗಿಸಿದ ನೀರಿನಲ್ಲಿ ನೆನೆಸಿ ಕರಿದ ತೋಫು, ಅಂದರೆ ಸೋಯಾ ಪನೀರು. ಅದರ ಹೆಸರೇ ನಾತದ ತೋಫು, ಮುಚ್ಚುಮರೆ ಏನಿಲ್ಲ. ಮೂಗಿಗೆ ದುಪಟ್ಟಾ ಹಿಡಿದವಳಿಗೆ, ನಾನು ಸಾರಿಗೆ ಇಂಗಿನ ಒಗ್ಗರಣೆ ಹಾಕುವಾಗ ಪಕ್ಕದ ಮನೆಯವರು ಏನು ಹಿಡಿದುಕೊಳ್ಳುತ್ತಾರೋ ಅನ್ನಿಸಿ, ಸುಮ್ನೆ ಕೈ ಇಳಿಸಿದೆ.

ಕುದುರೆ ಅಂದೆನಲ್ಲ, ಅದೊಂದು ಬೇರೆ ಕಥೆ. 1942ರಲ್ಲಿ, ಜಪಾನಿನ ಜೊತೆ ಅಮೆರಿಕದ ಯುದ್ಧದ ಸಮಯ, ಜಪಾನಿ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಸಾವಿರಾರು ಜನರನ್ನು ಮನೆಗಳಿಂದ ಎಬ್ಬಿಸಿ ತಂದು ಇದೇ ರೇಸ್ ಕೋರ್ಸಿನಲ್ಲಿ ಇಟ್ಟಿದ್ದರು, ಎಷ್ಟೋ ಸಂಸಾರಗಳು ಕುದುರೆ ಲಾಯದಲ್ಲೇ ಮಲಗಿದವು. ಮುಂದೆ ನಟನಾದ ಜಾರ್ಜ್ ಟಕೇಯಿ ಆಗ ಐದರ ಹುಡುಗ, ಅವನ ಸಂಸಾರವೂ ಅಲ್ಲಿತ್ತು. ಈಗ ಅದೇ ನೆಲದಲ್ಲಿ ತಕೊಯಾಕಿ ಅನ್ನುವ ಜಪಾನಿ ತಿಂಡಿ ತಿನ್ನಲು ಎಲ್ಲ ಬಣ್ಣದ ಜನ ಮಾರುದ್ದ ಸಾಲು ನಿಂತಿದ್ದರು. ನಾನೂ ಯಾವುದೋ ಸಾಲಿನಲ್ಲಿ ನಿಂತು, ಆಮೇಲೆ ಮುಂದಿನವರನ್ನು "ಇದು ಯಾವುದಕ್ಕೆ?" ಅಂತ ಕೇಳಿದೆ. ಆಕ್ಟೋಪಸ್. ಬಿಟ್ಟು ಬಂದೆ.

ನಮ್ಮಂಥ ಸಸ್ಯಾಹಾರಿಗಳಿಗೆ ಸಿಕ್ಕಿದ್ದು ಕಡ್ಡಿಗೆ ಸುರುಳಿ ಸುತ್ತಿದ ಆಲೂಗಡ್ಡೆ. ಚಿಪ್ಸೇ, ಬಿಡಿ.

ಆದರೆ ಒಂದು ಮೂಲೆಯಲ್ಲಿ ವಿಯೆಟ್ನಾಂನವರ ಅಂಗಡಿ, ಅಲ್ಲಿ ಕಬ್ಬಿನ ಹಾಲು! ಯಂತ್ರ ಕರೆಂಟಿನದು, ಗೆಜ್ಜೆ ಇಲ್ಲ. ಗೆಜ್ಜೆಯ ಸದ್ದಿಲ್ಲದೆ ಕಬ್ಬು ಅರೆಯುವುದು ಕಳ್ಳತನದಂತೆ ಕಾಣುತ್ತದೆ. ಕಬ್ಬಿನ ಜೊತೆ ಗೋಲಿಯಷ್ಟು ದೊಡ್ಡ ಕಿತ್ತಳೆಗಳನ್ನು ಸಿಪ್ಪೆ ಸಮೇತ ಹಾಕಿದರು. ಶುಂಠಿ ಇದೆಯಾ ಅಂತ ಕೇಳಿದೆ, ಆ ಅಜ್ಜಿ ನಕ್ಕು ತಲೆಯಾಡಿಸಿದರು, ಇನ್ನೊಂದು ಕಿತ್ತಳೆ ಹಾಕಿದರು. ಶುಂಠಿ ಇಲ್ಲದ್ದು ತಿಳಿಯಲೇ ಇಲ್ಲ. "ಎಷ್ಟು ಸಕ್ಕರೆ ಅದರಲ್ಲಿ" ಅಂತ ಗೊಣಗಿದ ನಮ್ಮ ಮನೆಯವರೇ ಅರ್ಧ ಲೋಟ ಖಾಲಿ ಮಾಡಿದರು.

ಹನ್ನೊಂದಕ್ಕೆ ಎಲ್ಲರೂ ಒಟ್ಟಿಗೇ ಹೊರಟಿದ್ದರಿಂದ ಕಾರು ರಸ್ತೆಗೆ ಬೀಳಲು ಮುಕ್ಕಾಲು ಗಂಟೆ ಹಿಡಿಯಿತು. "ಮುಂದಿನ ಸಲ ಬೇಗ ಬಂದುಬಿಡೋಣ, ಜನ ಇರಲ್ಲ" ಅಂದರು.

"ಜನ ಇಲ್ಲದಿದ್ರೆ ಇಷ್ಟು ದೂರ ಯಾಕ್ರೀ ಬರಬೇಕು?" ಅಂದೆ.