ಪರದೆಗೆ ಕಿಟಕಿ ಬೇಕಾಗಿದೆ

ಫೌಜಿಯ, ಅಂದರೆ ಸೈನಿಕನ, ಹೆಂಡತಿ ಅಂತ ಗೊತ್ತಾದ ಕೂಡಲೇ ಜನ ಕೇಳುವುದು, "ಭಯ ಆಗಲ್ವಾ?" ಅಂತ. ಆಗುತ್ತದೆ, ಪೋಸ್ಟಿಂಗ್ ಆರ್ಡರ್ ಬಂದಾಗ.

ನಮ್ಮೆಜಮಾನ್ರು ಸಿಗ್ನಲ್ಸ್‌ನಲ್ಲಿ ಸುಬೇದಾರರು. ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ, 1911ರಲ್ಲಿ ಹುಟ್ಟಿದ ಈ ದಳದ ಧ್ಯೇಯವಾಕ್ಯ 'ತೀವ್ರ ಚೌಕಸ್'. ಚುರುಕಾಗಿರಬೇಕು, ಎಚ್ಚರವಾಗಿರಬೇಕು ಅಂತ. ಮನೆ ಖಾಲಿ ಮಾಡುವ ವಾರ ಈ ಎರಡನ್ನೂ ನನಗೆ ವಹಿಸಿ ಅವರು 'ಹ್ಯಾಂಡಿಂಗ್-ಟೇಕಿಂಗ್ ಓವರ್ ಇದೆ' ಎಂದು ಬೆಳಗ್ಗೆಯೇ ಯೂನಿಟ್ಟಿಗೆ ಹೊರಟುಬಿಡುತ್ತಾರೆ.

ಎರಡು ಮೂರು ವರ್ಷಕ್ಕೊಂದು ಊರು. ಪೀಸ್ ಸ್ಟೇಷನ್, ಅಂದರೆ ಶಾಂತವಾದ ಊರು, ಆದರೆ ಸಂಸಾರ ಸಮೇತ; ಫೀಲ್ಡ್, ಅಂದರೆ ಗಡಿ ಕಡೆಯ ಕಾವಲಿನ ಜಾಗ, ಆದರೆ ಅವರೊಬ್ಬರೇ. ಫೀಲ್ಡಿನ ವಿಳಾಸದಲ್ಲಿ ಊರೇ ಇರುವುದಿಲ್ಲ. ನಂಬರು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ (ಸೇನಾ ಅಂಚೆ ಕಚೇರಿ), ಅಷ್ಟೇ. ಜಾಗ ಯಾವುದೆಂದು ಲಕೋಟೆ ನೋಡಿದವರಿಗೆ ತಿಳಿಯಬಾರದು. ತಿಪಟೂರಿನ ನಮ್ಮತ್ತೆ ಅದನ್ನು ಊರೆಂದೇ ನಂಬಿದ್ದರು. "ಐವತ್ತಾರಕ್ಕೆ ನಮ್ಮೂರಿಂದ ರೈಲೈತೇನವ್ವ? ಅಲ್ಲಿ ತೆಂಗಿನಕಾಯಿ ಸಿಕ್ತದಾ?" ಸಿಗಲಿಕ್ಕಿಲ್ಲ ಎಂದೆ. "ಕಾಯಿಲ್ಲದ ಊರನ್ನ ಏನಂತ ಕಾಯ್ತಾನೋ!" ಎಂದು ಕೊಬ್ಬರಿ ಕಟ್ಟಲು ಕೂತರು.

ನಮ್ಮ ಸ್ಥಿರಾಸ್ತಿ, ಚರಾಸ್ತಿ ಎರಡೂ ಕಪ್ಪು ಪೆಟ್ಟಿಗೆಗಳೇ. ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹುದ್ದೆ, ಹೆಸರು. ಪ್ರಮೋಷನ್ ಬಂದಾಗಲೆಲ್ಲ ಹಳೇ ಹುದ್ದೆಗೆ ಕಪ್ಪು ಬಳಿದು ಹೊಸದನ್ನು ಬರೆಸುವುದು ರೂಢಿ. ಆದರೆ ಲಾರಿಯಲ್ಲಿ ಉಜ್ಜಿ ಉಜ್ಜಿ ಬಣ್ಣ ಏಳುತ್ತದೆ, ಒಳಗಿನಿಂದ ಹವಾಲ್ದಾರರು ಇಣುಕುತ್ತಾರೆ. ನಮ್ಮೆಜಮಾನ್ರಿಗೆ ಅವಮಾನ, ನನಗೆ ಗುರುತು. ಹವಾಲ್ದಾರ್ ಪೆಟ್ಟಿಗೆಯಲ್ಲಿ ಪಾತ್ರೆ, ನಾಯಬ್ ಸುಬೇದಾರ್ ಪೆಟ್ಟಿಗೆಯಲ್ಲಿ ಹೊದಿಕೆ. ಹೋದ ಸಲ ಅವರು ನನಗೆ ಹೇಳದೆ ಎಲ್ಲದಕ್ಕೂ ಒಂದೇ ಸಮ ಪೇಂಟು ಹೊಡೆಸಿ ಚೆಂದ ಮಾಡಿಸಿದರು. ಹೊಸ ಊರಿನ ಮೊದಲ ಬೆಳಗ್ಗೆ ಕಾಫಿ ಸೋಸುವ ಜಾಲರಿ ಹುಡುಕಲು ಇಡೀ ಸೇನಾಜೀವನವನ್ನೇ ಬಿಚ್ಚಬೇಕಾಯಿತು.

ಕ್ವಾರ್ಟರ್ಸ್ ಬಿಡುವುದಕ್ಕೆ ಮಾರ್ಚಿಂಗ್ ಔಟ್ ಅಂತಾರೆ. ಬ್ಯಾಂಡು ಬಾರಿಸುತ್ತಾರೇನೋ ಅಂದುಕೊಳ್ಳಬೇಡಿ. ಒಬ್ಬರು ಪಟ್ಟಿ ಹಿಡಿದು ಬಂದು ಫ್ಯಾನು, ನಲ್ಲಿ, ಹೋಲ್ಡರು, ಚಿಲಕ ಎಣಿಸುತ್ತಾರೆ. ಮುರಿದಿದ್ದರೆ, ಕಮ್ಮಿಯಾಗಿದ್ದರೆ ಬ್ಯಾರಕ್ ಡ್ಯಾಮೇಜ್ ಬಿಲ್ಲು. ಒಂದೂರಲ್ಲಿ ಬಚ್ಚಲಮನೆ ಕಿಟಕಿಯ ಗಾಜು ನಾವು ಬರುವ ಮೊದಲೇ ಒಡೆದಿತ್ತು. ನಮಗಿಂತ ಮುಂಚೆ ಇದ್ದವರು ಬರುವ ಮೊದಲೂ ಒಡೆದಿತ್ತಂತೆ. ಅವರೂ ದುಡ್ಡು ಕಟ್ಟಿದರು, ನಾವೂ ಕಟ್ಟಿದೆವು. ಗಾಜಿಗೆ ಮಾತ್ರ ಇನ್ನೂ ಆ ಊರಿಗೆ ಪೋಸ್ಟಿಂಗ್ ಆಗಿರಲಿಲ್ಲ.

ಮಗನ ಓದಿನ ಚಿಂತೆ ಅಷ್ಟಿಲ್ಲ. ಕೇಂದ್ರೀಯ ವಿದ್ಯಾಲಯದ ಸೀಟಿಗೆ ಹಿಂದಿನ 7 ವರ್ಷಗಳಲ್ಲಿ ಎಷ್ಟು ವರ್ಗಾವಣೆ ಆಗಿದೆ ಎಂದು ಲೆಕ್ಕ ಹಾಕುತ್ತಾರೆ, ಅಲೆದಷ್ಟೂ ಲಾಭ. ದೇಶವೆಲ್ಲ ಒಂದೇ ಪುಸ್ತಕ ಕೂಡ. ಆದರೆ ವರ್ಷದ ನಡುವೆ ಹೋದರೆ ಹಳೇ ಶಾಲೆ ಮುಗಿಸಿದ ಪಾಠ ಹೊಸ ಶಾಲೆಯಲ್ಲಿ ಆಗತಾನೇ ಶುರು. ಹಾಗಾಗಿ ನಮ್ಮ ಹುಡುಗನಿಗೆ ಎಲೆ ಆಹಾರ ತಯಾರಿಸುವ ಬಗೆ ಎರಡು ಸಲ ಬಾಯಿಪಾಠವಾಗಿದೆ, ಭಿನ್ನರಾಶಿ ಒಂದು ಸಲವೂ ಎದುರಾಗಿಲ್ಲ. ಅವನಿಗೇನೂ ಬೇಸರವಿಲ್ಲ.

ನನ್ನ ನಿಜವಾದ ವೈರಿ ಕಿಟಕಿ. ಮಧ್ಯಪ್ರದೇಶದ ಮಹೂ ದಂಡುಪ್ರದೇಶ 1818ರಷ್ಟು ಹಳೆಯದು. ಅಲ್ಲಿ ನಮಗೆ ಸಿಕ್ಕ ಕ್ವಾರ್ಟರ್ಸಿನ ಕಿಟಕಿಗಳು ಆನೆ ಇಣುಕಿ ನೋಡುವಷ್ಟು ಎತ್ತರ. ಇಂದೋರಿಗೆ ಹೋಗಿ ಒಳ್ಳೇ ಬಟ್ಟೆ ತಂದು ಪರದೆ ಹೊಲಿಸಿದೆ. ಹೊಲಿಗೆ ಹಳತಾಗುವ ಮುಂಚೆ ಪಂಜಾಬಿನ ಬಠಿಂಡಾಕ್ಕೆ ಪೋಸ್ಟಿಂಗ್ ಬಂತು. ಅಲ್ಲಿ ಹೊಸ ಫ್ಲಾಟು, ಕಿಟಕಿ ಗಿಡ್ಡ. ಪರದೆ ನೆಲ ಗುಡಿಸಿತು. ಕತ್ತರಿಸಿ, ಉಳಿದ ತುಂಡಿನಲ್ಲಿ ದಿಂಬಿನ ಕವರು ಹೊಲಿದೆ. ಜಬಲ್ಪುರದಲ್ಲಿ ಮತ್ತೆ ಉದ್ದ ಕಿಟಕಿ. ದಿಂಬಿನ ಕವರುಗಳನ್ನು ಬಿಚ್ಚಿ ಪರದೆಯ ಬುಡಕ್ಕೆ ಮರುಜೋಡಿಸಿ, ಸಂದು ಕಾಣದ ಹಾಗೆ ಹಳೇ ಸೀರೆಯ ಅಂಚು ಹಚ್ಚಿದೆ. ಪಕ್ಕದ ಮನೆಯ ರಾಜಸ್ಥಾನದಾಕೆ ಮುಟ್ಟಿ ನೋಡಿ, ಇದು ನಿಮ್ಮ ಕಡೆಯ ಡಿಸೈನಾ ಭಾಬೀ ಎಂದಳು. ತಿಪಟೂರು ಸ್ಪೆಷಲ್ ಎಂದೆ. ಮುಂದಿನ ತಿಂಗಳು ಅವಳೂ ನೆಟ್ಟಗಿದ್ದ ಪರದೆಯನ್ನು ಕತ್ತರಿಸಿ, ಅಂಚು ಹಚ್ಚಿ ಹೊಲಿಸಿಕೊಂಡಳು.

ಮೊನ್ನೆ ಮತ್ತೆ ಆರ್ಡರ್ ಬಂತು. ಈ ಸಲ ಅವರು ಮುಂಚೆ ಹೋಗಿ ಸೇರಿಕೊಂಡರು. ಕೀಲಿಕೈ ಸಿಕ್ಕಿತು ಎಂದು ಫೋನ್ ಮಾಡಿದಾಗ ನನ್ನದು ಒಂದೇ ಪ್ರಶ್ನೆ.

"ಏನ್ರೀ, ಕಿಟಕಿ ಎಷ್ಟುದ್ದ?"

"ಮೀಡಿಯಮ್ಮು."

"ಮೀಡಿಯಮ್ಮು ಅಂದ್ರೆ? ಟೇಪ್ ಹಿಡಿದು ನೋಡಿ."

"ಟೇಪ್ ಎಲ್ಲಿದೆ?"

"ಹವಾಲ್ದಾರ್ ಪೆಟ್ಟಿಗೇಲಿ."

"ಅದೆಲ್ಲಿದೆ?"

"ಇವತ್ತು ಬೆಳಗ್ಗೆ ಲಾರಿ ಹತ್ತಿತು. ಯಾವುದು ಹವಾಲ್ದಾರು ಅಂತ ಪೇಂಟು ಹೊಡೆಸಿದೋರೇ ಹೇಳಬೇಕು."

ಆ ಕಡೆಯಿಂದ "ಹಲೋ, ಹಲೋ, ಕೇಳಿಸ್ತಿಲ್ಲ" ಎಂದು ಕೂಗಿ ಫೋನ್ ಇಟ್ಟರು. ಸಿಗ್ನಲ್ಸ್‌ನವರು.