ಹಿರಾಯಾಮನನ್ನು ಸಂತನನ್ನಾಗಿ ಮಾಡಬೇಡಿ

ನಿನ್ನೆ ಸಂಜೆ ನಮ್ಮ ಬಡಾವಣೆಯ ಗೆಳೆಯರ ಕೂಟದಲ್ಲಿ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ 2023ರಲ್ಲಿ ತೆಗೆದ ‘ಪರ್ಫೆಕ್ಟ್ ಡೇಸ್’ ಚಿತ್ರವನ್ನು ಎರಡನೆಯ ಬಾರಿಗೆ ನೋಡಿದೆ. ಚಿತ್ರ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ‘ಕಕ್ಕಸು ತೊಳೆಯುವವನೇ ಇಷ್ಟು ತೃಪ್ತನಾಗಿರುವಾಗ ನಮ್ಮ ಪೌರಕಾರ್ಮಿಕರಿಗೆ ಮಾತೆತ್ತಿದರೆ ಮುಷ್ಕರವೇಕೆ?’ ಎಂದು ಕೇಳಿದರು. ಸಭೆ ತಲೆದೂಗಿತು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಟೋಕಿಯೊದ ಶಿಬುಯಾದಲ್ಲಿ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮ, ಹೊರಗೆ ಬೀದಿ ಗುಡಿಸುವ ಪೊರಕೆಯ ಸದ್ದಿಗೆ ಏಳುತ್ತಾನೆ, ಹಾಸಿಗೆ ಮಡಿಸುತ್ತಾನೆ, ಸಸಿಗಳಿಗೆ ನೀರು ಚಿಮುಕಿಸುತ್ತಾನೆ, ಮನೆಯೆದುರಿನ ಯಂತ್ರದಿಂದ ಕಾಫಿಯ ಡಬ್ಬಿ ತೆಗೆದುಕೊಂಡು, ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕಿ ಹೊರಡುತ್ತಾನೆ. ಮಧ್ಯಾಹ್ನ ಮರದಡಿ ಕುಳಿತು, ಜಪಾನೀಯರು ‘ಕೊಮೊರೆಬಿ’ ಎಂದು ಕರೆಯುವ, ಎಲೆಗಳ ನಡುವೆ ಸೋಸಿ ಬರುವ ಬಿಸಿಲಿನ ಚಿತ್ರ ತೆಗೆಯುತ್ತಾನೆ. ಇಷ್ಟನ್ನು ನೋಡಿ ‘ಆಹಾ, ತೃಪ್ತಿ’ ಎನ್ನುವವರು, ಕಮೋಡಿನ ಅಂಚಿನಡಿಗೆ ಪುಟ್ಟ ಕನ್ನಡಿ ಹಿಡಿದು ಕೊಳೆ ಹುಡುಕುವ ಆ ಕೈಯನ್ನು ನೋಡುವುದಿಲ್ಲ. ಅದು ತೃಪ್ತಿಯಲ್ಲ, ಕಸುಬಿನ ಹಠ.

ಇನ್ನೂ ಒಂದು ಮಾತು. ಜೊತೆಯ ಹುಡುಗ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಾಗ ಅವನ ಪಾಲಿನ ದುಡಿಮೆಯೂ ಹಿರಾಯಾಮನ ತಲೆಗೇ ಬೀಳುತ್ತದೆ. ಚಿತ್ರದುದ್ದಕ್ಕೂ ಹೆಚ್ಚು ಬಾಯಿ ಬಿಡದ ಆತ ಅಂದು ರಾತ್ರಿ ಕಚೇರಿಗೆ ಫೋನ್ ಮಾಡಿ, ಪ್ರತಿದಿನ ಹೀಗೆ ತನ್ನಿಂದ ಆಗದು ಎಂದು ಸಿಟ್ಟಿನಿಂದ ಹೇಳುತ್ತಾನೆ. ಮುಷ್ಕರದ ಮೊದಲ ವಾಕ್ಯ ಇದಲ್ಲದೆ ಮತ್ತೇನು, ಸ್ವಾಮಿ? ಆತ ಹೇಳಿದ್ದರಿಂದಲೇ ಮರುದಿನ ಇನ್ನೊಬ್ಬರು ಕೆಲಸಕ್ಕೆ ಬಂದರು. ತೃಪ್ತನಾಗಿ ಸುಮ್ಮನಿದ್ದಿದ್ದರೆ ಬರುತ್ತಿರಲಿಲ್ಲ.

ಮೇಲಾಗಿ ಆ ಬದುಕು ಆತನೇ ಆರಿಸಿಕೊಂಡದ್ದು. ತಂಗಿ ಡ್ರೈವರ್ ಇರುವ ಕಾರಿನಲ್ಲಿ ಬಂದಿಳಿದು, ನಿಜವಾಗಿಯೂ ಶೌಚಾಲಯ ತೊಳೆಯುತ್ತಿದ್ದೀಯಾ ಎಂದು ಕೇಳುತ್ತಾಳೆ. ಆಕೆ ಹೊರಟ ಮೇಲೆ ಆತ ಬೀದಿಯಲ್ಲೇ ನಿಂತು ಅಳುತ್ತಾನೆ. ಉಳ್ಳ ಮನೆಯನ್ನು ಬಿಟ್ಟು ಬಂದವನ ಸರಳತೆಯನ್ನು, ಬಿಡುವುದಕ್ಕೆ ಏನೂ ಇಲ್ಲದವರಿಗೆ ಪಾಠವೆಂದು ಓದಿ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು!

ಇಡೀ ಚಿತ್ರವೇ ಒಂದು ಜಾಹೀರಾತು ಎಂದು ದೂರುವವರೂ ಇದ್ದಾರೆ. ತಡಾವೊ ಆಂಡೊ, ಶಿಗೆರು ಬಾನ್‌ರಂಥ ವಾಸ್ತುಶಿಲ್ಪಿಗಳು ಶಿಬುಯಾದಲ್ಲಿ ರೂಪಿಸಿದ 17 ಶೌಚಾಲಯಗಳ ಯೋಜನೆಯಿಂದಲೇ ಚಿತ್ರ ಹುಟ್ಟಿತೆಂಬುದು ನಿಜ. ಚಿಲಕ ಹಾಕಿದೊಡನೆ ಪಾರದರ್ಶಕ ಗಾಜು ಮಬ್ಬಾಗುವ ಬಾನ್‌ರ ಶೌಚಾಲಯವೂ ಅದರಲ್ಲಿದೆ. ನಮ್ಮ ಬಸ್ ನಿಲ್ದಾಣಗಳನ್ನು ಕಂಡವರಿಗೆ ಅಲ್ಲಿ ತೊಳೆಯುವುದಕ್ಕೆ ಏನಿತ್ತು ಎಂಬ ಅನುಮಾನ ಬರುವುದು ಸಹಜ. ಆದರೆ ಹಿರಾಯಾಮನ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಕೋಜಿ ಯಾಕುಶೊ ಅವರ ಮುಖವನ್ನು ಯಾವ ಜಾಹೀರಾತು ಮಾಡಿಸೀತು? ಇರಲಿ ಬಿಡಿ.

ನಾನೇನೂ ಸಾಚಾ ಅಲ್ಲ. ದಾರಿ ತಪ್ಪಿ ಅಳುತ್ತಿದ್ದ ಮಗುವಿನ ಕೈ ಹಿಡಿದು ಹಿರಾಯಾಮ ಕರೆತಂದಾಗ, ತಾಯಿ ಆತನ ಮುಖವನ್ನೂ ನೋಡದೆ ಮಗುವಿನ ಕೈಯನ್ನು ಒರೆಸುತ್ತಾಳೆ. ಆ ದೃಶ್ಯದಲ್ಲಿ ಎರಡು ಸಲವೂ ತಲೆ ತಗ್ಗಿಸಿದೆ. ಮೂವತ್ತು ವರ್ಷ ಕಚೇರಿಯ ಒಂದೇ ಮೇಜಿನ ಮುಂದೆ ಕುಳಿತು ಠಸ್ಸೆ ಒತ್ತಿದವನು ನಾನು. ಪ್ರತಿ ಆಯುಧಪೂಜೆಗೆ ಆ ಠಸ್ಸೆಗೂ, ತಕ್ಕಡಿಗೂ, ಬಾಸಿನ ಸ್ಕೂಟರಿಗೂ ನಾನೇ ಕುಂಕುಮ ಹಚ್ಚುತ್ತಿದ್ದೆ. ನಮ್ಮ ಕಕ್ಕಸು ತೊಳೆಯುತ್ತಿದ್ದಾಕೆ ತನ್ನ ಬಕೆಟ್ಟು, ಪೊರಕೆಗಳನ್ನು ಹಿತ್ತಿಲ ಗೋಡೆಗೆ ಒರಗಿಸಿ, ಮನೆಯಿಂದ ತಂದ ಕುಂಕುಮದಲ್ಲಿ ತಾನೇ ಪೂಜೆ ಮಾಡಿಕೊಳ್ಳುತ್ತಿದ್ದಳು. ಕಿಟಕಿಯಿಂದ ನೋಡಿ, ‘ಪಾಪ, ಎಷ್ಟು ಭಕ್ತಿ’ ಎಂದುಕೊಂಡಿದ್ದೆ. ಆರತಿ ತಟ್ಟೆ ನನ್ನ ಕೈಯಲ್ಲೇ ಇತ್ತು.

ಕೊನೆಯ ದೃಶ್ಯದಲ್ಲಿ ಕ್ಯಾಸೆಟ್ಟಿನಲ್ಲಿ ಅಮೆರಿಕದ ಗಾಯಕಿ ನೀನಾ ಸಿಮೋನ್ ಹಾಡುತ್ತಿರುವಾಗ, ವ್ಯಾನು ಓಡಿಸುತ್ತಿರುವ ಹಿರಾಯಾಮನ ಮುಖದಲ್ಲಿ ನಗುವೂ ಅಳುವೂ ಒಂದನ್ನೊಂದು ತಳ್ಳಿಕೊಂಡು ಬರುತ್ತವೆ. ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ. ಹೊರಡುವಾಗ ಆ ಹಿರಿಯರನ್ನು ತಡೆದು, ಆ ಕಣ್ಣೀರನ್ನು ತೃಪ್ತಿಯ ಯಾವ ಖಾತೆಗೆ ಬರೆಯುತ್ತೀರಿ ಎಂದು ಕೇಳಿದೆ. ಅವರು ಅದನ್ನು ನೋಡಿರಲೇ ಇಲ್ಲವಂತೆ. ಜನ ಏಳುವ ಮೊದಲೇ ಕಾರು ತೆಗೆದಿಡು ಎಂದು ಡ್ರೈವರಿಗೆ ಹೇಳಲು ಹೊರಗೆ ಹೋಗಿದ್ದರಂತೆ.