ಲೆಕ್ಕ ಒಪ್ಪಿಸಿ ಬಾಗಿಲು ಹಾಕಿದ ದೆವ್ವದ ಮನೆ

ನಾನಿರುವ ಇಂಡಿಯಾನಾದ ಸಣ್ಣ ಊರಿನಲ್ಲಿ ಈ ಅಕ್ಟೋಬರ್‌ನಿಂದ ದೆವ್ವದ ಮನೆ ಇರುವುದಿಲ್ಲ. ಊರವರೇ ಕಟ್ಟಿ, ಊರವರೇ ವೇಷ ಹಾಕಿ, ಟಿಕೆಟ್ಟಿನ ಹಣವನ್ನೆಲ್ಲ ಬಡವರಿಗೆ ದಿನಸಿ ಹಂಚುವ ಆಹಾರ ಭಂಡಾರಕ್ಕೆ ಕೊಡುತ್ತಿದ್ದ ಮನೆ ಅದು. ಉಡುಪಿಯಲ್ಲಿರುವ ದೊಡ್ಡಮ್ಮನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ, "ದೆವ್ವದ ಮನೆ ಹೋಯಿತೆಂದು ಯಾರಾದರೂ ಬೇಸರ ಮಾಡಿಕೊಳ್ಳುತ್ತಾರೆಯೇ ಮಾರಾಯ?" ಎಂದು ಕೇಳಿದರು. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಮುಗಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ದೆವ್ವ, ಮಾಟಗಾತಿಯರ ವೇಷ ಹಾಕಿ ಆಚರಿಸುವ ಹ್ಯಾಲೋವೀನ್ ಹಬ್ಬ ಅಕ್ಟೋಬರ್ 31ಕ್ಕೆ. ಅದಕ್ಕೆ ಮುಂಚಿನ ವಾರಾಂತ್ಯಗಳಲ್ಲಿ ಮಾತ್ರ ಈ ಮನೆ ತೆರೆಯುತ್ತಿತ್ತು. ಹಿಂದೆ ಟೊಮೆಟೊವನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯ ಇಟ್ಟಿಗೆ ಕಟ್ಟಡ ಅದು. ಒಳಗೆ ಪ್ಲೈವುಡ್ ಹಲಗೆ ನಿಲ್ಲಿಸಿ, ಕಪ್ಪು ಬಣ್ಣ ಬಳಿದು, ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಇಕ್ಕಟ್ಟಾದ ಓಣಿಗಳನ್ನು ಮಾಡುತ್ತಿದ್ದರು. ಬೇಸಿಗೆಯಲ್ಲೇ ಕೆಲಸ ಆರಂಭವಾಗುತ್ತಿತ್ತು. ಊರಿನ ಕೊಳಾಯಿ ಕೆಲಸದವನು ಸರಪಳಿ ಕಳಚಿದ ಗರಗಸದ ಯಂತ್ರ ಹಿಡಿದು ಕತ್ತಲಿನಿಂದ ಮೈಮೇಲೆ ಬರುತ್ತಿದ್ದ. ಯಂತ್ರದ ಸದ್ದಿಗೇ ಜನ ಓಡುತ್ತಿದ್ದರು. ನಿವೃತ್ತ ಶಿಕ್ಷಕಿಯೊಬ್ಬರು ಮಾಟಗಾತಿ. ಅವರ ಬಳಿ ಅಕ್ಷರ ಕಲಿತವರು ತಮ್ಮ ಮಕ್ಕಳನ್ನು ಕರೆತಂದು, ಮಕ್ಕಳಿಗಿಂತ ಜೋರಾಗಿ ಕಿರುಚುತ್ತಿದ್ದರು. ಪ್ರೌಢಶಾಲೆಯ ಹುಡುಗ ಹುಡುಗಿಯರು ಶವಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಮಲಗಿ, ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಿದ್ದರು.

ಅಲ್ಲಿ ಕೆಲವು ನಿಯಮಗಳಿದ್ದವು, ಅವುಗಳಲ್ಲಿ ರಿಯಾಯಿತಿ ಇರಲಿಲ್ಲ. ವೇಷಧಾರಿ ಯಾರನ್ನೂ ಮುಟ್ಟಬಾರದು. ಬಂದವರೂ ವೇಷಧಾರಿಯನ್ನು ಮುಟ್ಟಬಾರದು. ಮಗು ಅಳಲು ಶುರುಮಾಡಿದರೆ ವೇಷಧಾರಿ ಕೂಡಲೇ ಮುಖವಾಡ ತೆಗೆದು, ಮಂಡಿಯೂರಿ ಮಾತನಾಡಿಸಿ, ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋಗಬೇಕು. ಹೆದರಿಸುವುದನ್ನು ಇಷ್ಟು ಜವಾಬ್ದಾರಿಯಿಂದ ಮಾಡುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಸದಾಗಿ ಈ ಊರಿಗೆ ಬಂದ ನನಗೆ ಅವರು ಕೊಟ್ಟ ಮೊದಲ ಕೆಲಸ ಸಾಲಿನಲ್ಲಿ ನಿಂತವರನ್ನು ಚಿಕ್ಕ ಗುಂಪುಗಳಾಗಿ ಒಳಗೆ ಬಿಡುವುದು. ಎಲ್ಲಿಂದ ಬಂದೆ, ಏನು ಓದಿದ್ದೀಯೆ ಎಂದು ಯಾರೂ ಕೇಳಲಿಲ್ಲ. ಶನಿವಾರ ಬರುತ್ತೀಯಾ ಎಂದಷ್ಟೇ ಕೇಳಿದರು. ಹೊರಗಿನಿಂದ ಬಂದವನಿಗೆ ಒಂದು ಊರು ತನ್ನದಾಗುವುದು ಹೀಗೆ, ಕೈಗೆ ಕೆಲಸ ಸಿಕ್ಕಾಗ.

ಈ ಸಂಪ್ರದಾಯಕ್ಕೆ ಒಳ್ಳೆಯ ಹಿನ್ನೆಲೆಯಿದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗರ ಪುಂಡಾಟ ಮಿತಿಮೀರಿದಾಗ, ಅವರನ್ನು ಬೀದಿಯಿಂದ ಒಳಗೆ ಸೆಳೆಯಲು ತಂದೆ ತಾಯಿಯರು ಮನೆಯ ನೆಲಮಾಳಿಗೆಗಳಲ್ಲಿ ಹೆದರಿಕೆಯ ಆಟಗಳನ್ನು ಹೂಡಿದರು. ಕತ್ತಲಲ್ಲಿ ಕೈಗೆ ಸಿಗುವ ಸುಲಿದ ದ್ರಾಕ್ಷಿಯೇ ಕಣ್ಣುಗುಡ್ಡೆ, ಬೇಯಿಸಿ ತಣ್ಣಗಾಗಿಸಿದ ನೂಡಲ್ಸೇ ಕರುಳು. 1969ರಲ್ಲಿ ಡಿಸ್ನಿಲ್ಯಾಂಡ್ ತನ್ನ ಭೂತಬಂಗಲೆಯನ್ನು ತೆರೆದ ಮೇಲೆ ಜನರ ಆಸೆ ಹೆಚ್ಚಿತು. ಆ ಆಸೆಯನ್ನು ಊರೂರಿಗೆ ತಲುಪಿಸಿದವರು ಜೇಸಿಗಳು, ಎಂದರೆ ಜೂನಿಯರ್ ಚೇಂಬರ್ ಎಂಬ ಯುವಜನರ ಸೇವಾ ಸಂಘಟನೆಯವರು. ಹೌದು, ನಮ್ಮ ಕಾರ್ಕಳ, ಕುಂದಾಪುರ, ಶಿವಮೊಗ್ಗಗಳಲ್ಲಿ ಜೇಸಿ ಸಪ್ತಾಹ ನಡೆಸಿ ಭಾಷಣ ಕಲೆಯ ತರಬೇತಿ ಕೊಡುತ್ತಾರಲ್ಲ, ಅದೇ ಸಂಘಟನೆಯ ಅಮೆರಿಕದ ಕವಲು. 1970ರ ದಶಕದಲ್ಲಿ ಖಾಲಿ ಬಿದ್ದ ಶಾಲೆ, ಗೋದಾಮು, ಹಳೆಯ ಬಂಗಲೆಗಳನ್ನು ಹಿಡಿದು ಅವರು ದೆವ್ವದ ಮನೆ ಮಾಡಿ, ಅದರ ಹಣದಲ್ಲಿ ಊರಿನ ಆಟದ ಮೈದಾನಕ್ಕೆ, ಆಸ್ಪತ್ರೆಗೆ, ವಿದ್ಯಾರ್ಥಿವೇತನಕ್ಕೆ ನೆರವಾದರು. ಹೇಗೆ ಕಟ್ಟಬೇಕು, ಹೇಗೆ ನಡೆಸಬೇಕು ಎಂಬ ಕೈಪಿಡಿಯೂ ಸಿದ್ಧವಾಯಿತು. ನಮ್ಮೂರಿನ ಮನೆಯೂ ಆ ಕಾಲದ ಕೂಸು. ಜೇಸಿ ಘಟಕ ಸೊರಗಿದ ಮೇಲೆ ಅದರ ಹಳಬರೇ ಬೇರೆ ಸಮಿತಿ ಮಾಡಿಕೊಂಡು ಮುಂದುವರಿಸಿದ್ದರು.

1984ರ ಮೇ 11ರಂದು ನ್ಯೂಜೆರ್ಸಿಯ ಜಾಕ್ಸನ್‌ನಲ್ಲಿ, ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಎಂಬ ಮನರಂಜನಾ ಉದ್ಯಾನದ ಭೂತದ ಕೋಟೆಗೆ ಬೆಂಕಿ ಬಿತ್ತು. ಟ್ರಕ್ಕಿನ ಟ್ರೇಲರ್‌ಗಳನ್ನು ಜೋಡಿಸಿ ಕಟ್ಟಿದ ಕೋಟೆ, ಒಳಗೆ ಫೋಮ್ ಹಚ್ಚಿದ ಗೋಡೆ, ಬೆಂಕಿ ಹತ್ತಿದಾಗ ಚಾವಣಿಯಿಂದ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಎಂಟು ಮಂದಿ ಹದಿಹರೆಯದವರು ಸತ್ತರು. ಆಮೇಲೆ ನಿಯಮಗಳು ಬಿಗಿಯಾದವು. ಇಂಥ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಬೇಕು, ಹೊಗೆ ಪತ್ತೆ ಮಾಡುವ ಯಂತ್ರ ಬೇಕು. ಹೊಗೆ ಕಂಡ ಕೂಡಲೇ ಹೆದರಿಸುವ ಸದ್ದೆಲ್ಲ ತಾನಾಗಿ ನಿಂತು ದೀಪ ಹೊತ್ತಿಕೊಳ್ಳಬೇಕು. ಬಟ್ಟೆಗೆ, ಹಲಗೆಗೆ ಬೆಂಕಿ ತಡೆಯುವ ಲೇಪ ಬೇಕು. ನಮ್ಮೂರಿನಲ್ಲೂ ಪ್ರತಿ ವರ್ಷ ಅಗ್ನಿಶಾಮಕ ಅಧಿಕಾರಿ ಬಂದು ಓಣಿ ಓಣಿ ನಡೆದು ನೋಡಿ ಸಹಿ ಹಾಕಿದ ಮೇಲೆಯೇ ಬಾಗಿಲು ತೆರೆಯುತ್ತಿತ್ತು.

ಮನೆ ಮುಚ್ಚಿದ್ದು ಈ ನಿಯಮಗಳಿಂದಲೇ ಎಂದು ಊರಿನಲ್ಲಿ ಕೆಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆ ದಿನವನ್ನು ನಾವು ಎಷ್ಟು ಬೇಗ ಮರೆತೆವು! ಇಂದಿಗೂ ಜಾತ್ರೆಯ, ವಸ್ತುಪ್ರದರ್ಶನದ ಭೂತಬಂಗಲೆಗಳಿಗೆ ಹೋಗಿ ನೋಡಿ: ತಗಡು, ಬಟ್ಟೆ, ಥರ್ಮಾಕೋಲು, ನೇತಾಡುವ ವಿದ್ಯುತ್ ತಂತಿ, ಹೊರಬರಲು ಒಂದೇ ಬಾಗಿಲು. ಇಲ್ಲಿನವರು ಎಂಟು ಮಕ್ಕಳ ಸಾವನ್ನು ನಿಯಮದ ರೂಪದಲ್ಲಿ ನೆನಪಿಟ್ಟುಕೊಂಡಿದ್ದಾರೆ. ಅದಕ್ಕೆ ಹಣ ಖರ್ಚಾಗುತ್ತದೆ, ಆಗಲೇಬೇಕು.

ಮುಚ್ಚಲು ನಿಜವಾದ ಕಾರಣ ಕೈಗಳ ಕೊರತೆ. ಹಳೆಯ ಕಟ್ಟಡದ ಪೈಪುಗಳನ್ನು ಬದಲಿಸಬೇಕಾಗಿತ್ತು, ವಿಮೆಯ ಕಂತು ಏರಿತ್ತು, ಅದೆಲ್ಲ ನಿಜ. ಆದರೆ ಹಣ ಎತ್ತುವುದು ಆ ಜನರಿಗೆ ಹೊಸದಲ್ಲ. ಅದನ್ನು ಎತ್ತಲು ಓಡಾಡುವವರು ಎಪ್ಪತ್ತು ದಾಟಿದ್ದರು. ಅಮೆರಿಕದ ಜೇಸಿಗಳಲ್ಲಿ ಮೊದಲು 35, ಆಮೇಲೆ 40 ತುಂಬಿದವರು ಹೊಸಬರಿಗೆ ದಾರಿ ಬಿಡಬೇಕೆಂಬ ಕಟ್ಟಳೆಯಿತ್ತು. ಅದು ಜಾಣ ಕಟ್ಟಳೆ. ಹೊಸಬರು ಬರುತ್ತಲೇ ಇರುವವರೆಗೆ. ಬರುವುದು ನಿಂತಾಗ ನಲವತ್ತು ದಾಟಿದವರೇ ಬೇರೆ ಹೆಸರಿನಲ್ಲಿ ಮುಂದುವರಿದರು, ಮುದುಕರಾದರು. ಶವಪೆಟ್ಟಿಗೆಯಲ್ಲಿ ಮಲಗಲು ಹುಡುಗರು ಸಿಗುತ್ತಿದ್ದರು. ಜುಲೈ ತಿಂಗಳ ಸೆಕೆಯಲ್ಲಿ ಸಭೆಗೆ ಬಂದು ವಿಮೆಯ ಕಾಗದ ಓದಲು ಯಾರೂ ಸಿಗುತ್ತಿರಲಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಹೆದ್ದಾರಿಯ ಪಕ್ಕದಲ್ಲಿ ಈಗ ಲಾಭಕ್ಕಾಗಿ ನಡೆಯುವ ದೊಡ್ಡ ಭೂತಬಂಗಲೆಗಳಿವೆ. ಅಲ್ಲಿ ಯಂತ್ರಚಾಲಿತ ರಾಕ್ಷಸರಿದ್ದಾರೆ, ಸಂಬಳದ ನಟರಿದ್ದಾರೆ. 2020ರಲ್ಲಿ ಹೋಮ್ ಡಿಪೋ ಮಳಿಗೆಗಳಿಗೆ 12 ಅಡಿ ಎತ್ತರದ ಅಸ್ಥಿಪಂಜರ ಬಂದಿತು. ನಮ್ಮ ಬೀದಿಯಲ್ಲೇ ಹಲವು ಮನೆಗಳ ಅಂಗಳದಲ್ಲಿ ಅದು ನಿಂತಿದೆ. ಚೆನ್ನಾಗಿಯೇ ಇದೆ, ಮಕ್ಕಳು ಕತ್ತೆತ್ತಿ ನೋಡಿ ಖುಷಿಪಡುತ್ತಾರೆ. ಆದರೆ ಪ್ರತಿ ಮನೆಯವರೂ ತಮ್ಮ ತಮ್ಮ ಅಸ್ಥಿಪಂಜರ ಕೊಂಡು ನಿಲ್ಲಿಸಿಕೊಳ್ಳುವುದಕ್ಕೂ ಇಡೀ ಊರು ಸೇರಿ ಒಂದು ಕಟ್ಟುವುದಕ್ಕೂ ಬಹಳ ದೂರ.

ಹಾಗೆಂದು ಇಂಥವೆಲ್ಲ ಸಾಯಲೇಬೇಕು ಎಂದೇನೂ ಇಲ್ಲ. ಇಂಡಿಯಾನಾಪೊಲಿಸ್‌ನ ಮಕ್ಕಳ ವಸ್ತುಸಂಗ್ರಹಾಲಯಕ್ಕಾಗಿ ಅಲ್ಲಿನ ಸ್ವಯಂಸೇವಕರ ಸಂಘವೊಂದು 1964ರಲ್ಲಿ ಆರಂಭಿಸಿದ ದೆವ್ವದ ಮನೆ ತಲೆಮಾರುಗಳನ್ನು ದಾಟಿ ಬಂದಿದೆ. ಪುಟ್ಟ ಮಕ್ಕಳಿಗೆಂದೇ ದೀಪ ಹಚ್ಚಿಟ್ಟ ಹೊತ್ತು ಬೇರೆ, ಧೈರ್ಯಸ್ಥರಿಗೆ ಕತ್ತಲಿನ ಹೊತ್ತು ಬೇರೆ. ಬೆನ್ನಿಗೆ ಒಂದು ಗಟ್ಟಿ ಸಂಸ್ಥೆ ಇತ್ತು, ಹಳಬರ ಜಾಗಕ್ಕೆ ಹೊಸಬರು ಬರುವ ಏರ್ಪಾಡಿತ್ತು. ನಮ್ಮ ಊರಿನದಕ್ಕೆ ಎರಡೂ ಇರಲಿಲ್ಲ.

ಆದರೆ ಅವರು ಮುಚ್ಚಿದ ರೀತಿಗೆ ನಾನು ತಲೆಬಾಗುತ್ತೇನೆ. ಇದೇ ಕೊನೆಯ ವರ್ಷ ಎಂದು ಹೋದ ಬೇಸಿಗೆಯಲ್ಲೇ ಊರಿಗೆಲ್ಲ ತಿಳಿಸಿದರು. ಕೊನೆಯ ರಾತ್ರಿ ಸಾಲು ರೈಲು ಹಳಿಯವರೆಗೆ ಬೆಳೆದಿತ್ತು. ನವೆಂಬರ್‌ನಲ್ಲಿ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಸಭೆ ಕರೆದು, ಖಜಾಂಚಿ ಬಂದ ಹಣ, ಹೋದ ಹಣ, ಉಳಿದ ಹಣವನ್ನು ಓದಿ ಹೇಳಿದರು. ಉಳಿದದ್ದು ಆಹಾರ ಭಂಡಾರಕ್ಕೆ. ಮುಖವಾಡ, ಶವಪೆಟ್ಟಿಗೆ, ಹೊಗೆಯಂತ್ರಗಳು ಪಕ್ಕದ ಜಿಲ್ಲೆಯ ಇಂಥದೇ ಇನ್ನೊಂದು ತಂಡಕ್ಕೆ. ಪ್ಲೈವುಡ್ ಪ್ರೌಢಶಾಲೆಯ ನಾಟಕ ವಿಭಾಗಕ್ಕೆ. ಇಷ್ಟು ವರ್ಷ ದುಡಿದು ತೀರಿಹೋದವರ ಹೆಸರುಗಳನ್ನು ಓದಿದರು. ಜನ ಅತ್ತರು. ಆಮೇಲೆ ಬ್ಯಾಂಕ್ ಖಾತೆ ಮುಚ್ಚುವ ನಿರ್ಣಯಕ್ಕೆ ಕೈ ಎತ್ತಿದರು.

ನಮ್ಮಲ್ಲಿ ಹೀಗೆ ಮುಚ್ಚಿದ ಒಂದಾದರೂ ಯುವಕ ಮಂಡಲವನ್ನು ನಾನು ಕಂಡಿಲ್ಲ. ಉಡುಪಿಯ ಸಮೀಪದ ನನ್ನ ಹುಟ್ಟೂರಿನಲ್ಲಿ ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ತುಳು ನಾಟಕ ಆಡುತ್ತಿದ್ದ ತಂಡವಿತ್ತು. ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಹಣ ಎತ್ತುತ್ತಿದ್ದರು, ಬಡ ಮಕ್ಕಳಿಗೆ ಪುಸ್ತಕ ಹಂಚುತ್ತಿದ್ದರು. ಒಂದು ವರ್ಷ ಮಳೆಯೆಂದು ಮುಂದೂಡಿದರು. ಮರುವರ್ಷ ಚುನಾವಣೆಯೆಂದರು. ಆಮೇಲೆ ಯಾರೂ ಏನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಪರದೆಗಳು ಯಾರದೋ ಅಟ್ಟದಲ್ಲಿ ಗೆದ್ದಲು ಹಿಡಿದವು. ಖಾತೆಯಲ್ಲಿ ಎಷ್ಟಿತ್ತು, ಏನಾಯಿತು ಎಂಬುದು ಜಗಳಕ್ಕೆ ಮಾತ್ರ ನೆನಪಾಗುತ್ತದೆ. ಮುಚ್ಚಿದೆವು ಎಂದು ಬಾಯಿಬಿಟ್ಟು ಹೇಳುವುದನ್ನು ನಾವು ಅಪಶಕುನವೆಂದು ತಿಳಿಯುತ್ತೇವೆ. ಅದರಿಂದ, ದುಡಿದವರಿಗೆ ಸಲ್ಲಬೇಕಾದ ಕೃತಜ್ಞತೆ ಸಲ್ಲದೇ ಹೋಗುತ್ತದೆ.

ಇಲ್ಲಿನವರು ನಮ್ಮಿಂದ ಕಲಿಯಬಹುದಾದದ್ದೂ ಇದೆ, ಅದು ಸಣ್ಣದಲ್ಲ. ಕೆಲವು ಸ್ನೇಹಿತರು ದೆವ್ವದ ಮನೆಯನ್ನು ದೈವದ ಕೋಲಕ್ಕೆ ಹೋಲಿಸುತ್ತಾರೆ; ಅದು ತಪ್ಪು, ಕೋಲ ಆರಾಧನೆ. ಸರಿಯಾದ ಹೋಲಿಕೆ ಅಷ್ಟಮಿಯ ವೇಷಗಳದು. ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ, ಅದರ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಹುಲಿವೇಷದವರು ತಾಸೆ ಎಂಬ ಚರ್ಮವಾದ್ಯದ ಪೆಟ್ಟಿಗೆ ಕುಣಿಯುತ್ತಾ ಅಂಗಡಿ ಅಂಗಡಿಗೆ ಬರುತ್ತಾರೆ, ರಾಕ್ಷಸ ವೇಷದವರು ಮಕ್ಕಳನ್ನು ಅಟ್ಟಾಡಿಸುತ್ತಾರೆ. ಕಟಪಾಡಿಯ ರವಿ ಅವರನ್ನು ಕರಾವಳಿಯವರೆಲ್ಲ ಬಲ್ಲರು. ಕಟ್ಟಡ ಕಾರ್ಮಿಕರಾದ ಅವರು ಅಷ್ಟಮಿಗೆ ಭೀಕರ ವೇಷ ಕಟ್ಟಿ ಬೀದಿಗಿಳಿದು, ಬಂದ ಲಕ್ಷಾಂತರ ರೂಪಾಯಿಯನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟರು. ಆ ಕೆಲಸ ಅವರನ್ನು ಕೌನ್ ಬನೇಗಾ ಕರೋಡ್‌ಪತಿಯ ವೇದಿಕೆಗೂ ಕರೆದೊಯ್ದಿತು. ಇಂಡಿಯಾನಾದ ಕೊಳಾಯಿ ಕೆಲಸದವನೂ ಕಟಪಾಡಿಯ ಕಾರ್ಮಿಕರೂ ಮಾಡಿದ್ದು ಒಂದೇ ಕೆಲಸ: ಹೆದರಿಸಿ, ನಗಿಸಿ, ಬಂದ ಕಾಸನ್ನು ಕಷ್ಟದಲ್ಲಿರುವವರಿಗೆ ಮುಟ್ಟಿಸುವುದು.

ವ್ಯತ್ಯಾಸವೆಂದರೆ ಅಷ್ಟಮಿಯ ವೇಷಕ್ಕೆ ಕಟ್ಟಡ ಬೇಡ, ಸೂರು ಬೇಡ, ಪೈಪು ಬೇಡ. ಅದು ನಡೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತದೆ. ಆದರೆ ಅಲ್ಲಿ ಭಾರವೆಲ್ಲ ಒಬ್ಬನ ಮೈಮೇಲೆ. ಬಣ್ಣದ ಉರಿ ಅವನಿಗೇ, ನಿದ್ದೆಗೆಡುವವನೂ ಅವನೇ. ಅವನು ದಣಿದರೆ ಮುಂದೆ ಯಾರು? ಖಜಾಂಚಿ, ಕಾರ್ಯದರ್ಶಿ, ಪಾಳಿಯ ಪಟ್ಟಿ ಇರುವ ಇಲ್ಲಿನ ಸಮಿತಿಯನ್ನು ಅಲ್ಲಿನ ವೇಷಕ್ಕೆ ಕೂಡಿಸಿದರೆ ಎಷ್ಟು ಗಟ್ಟಿಯಾದೀತು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಮುಚ್ಚಿದ ಮೇಲೆ ಊರಿನಲ್ಲಿ ಕೇಳಿಬಂದ ಒಂದು ಮಾತು ನನಗೆ ನೋವು ಕೊಟ್ಟಿತು. ಆಹಾರ ಭಂಡಾರಕ್ಕೆ ನೇರವಾಗಿ ಚೆಕ್ ಬರೆದುಕೊಟ್ಟರಾಯಿತು, ಇಷ್ಟೆಲ್ಲ ಕಷ್ಟ ಏಕೆ ಎಂಬ ಮಾತು. ಚೆಕ್ ಬರೆಯಬೇಕು, ನಾನೂ ಬರೆದಿದ್ದೇನೆ. ಆದರೆ ಭಂಡಾರದಿಂದ ದಿನಸಿ ಒಯ್ಯುತ್ತಿದ್ದ ಮನೆಯ ಹುಡುಗನೂ ಆ ಕಾರ್ಖಾನೆಯಲ್ಲಿ ವೇಷ ಹಾಕುತ್ತಿದ್ದ. ಅವನೂ ಕೊಡುವವನಾಗಿದ್ದ. ಚೆಕ್ಕಿನಿಂದ ಅದು ಸಾಧ್ಯವಿಲ್ಲ.

ನಮ್ಮ ಕನ್ನಡ ಕೂಟದಲ್ಲೂ ರೋಗ ಇದೇ. ಯುಗಾದಿಗೆ, ರಾಜ್ಯೋತ್ಸವಕ್ಕೆ ಊಟಕ್ಕೆ ಬರುವವರು ಸಭಾಂಗಣ ತುಂಬುತ್ತಾರೆ. ಕುರ್ಚಿ ಜೋಡಿಸುವವರು ಅದೇ ನಾಲ್ಕಾರು ಮನೆಯವರು. ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಪ್ರಸ್ತಾಪ ಇಟ್ಟಿದ್ದೇನೆ. ಈ ಅಕ್ಟೋಬರ್‌ನ ಊರಿನ ಹ್ಯಾಲೋವೀನ್ ಮೆರವಣಿಗೆಯಲ್ಲಿ ನಮ್ಮ ಹುಡುಗ ಹುಡುಗಿಯರು ಹುಲಿವೇಷ, ರಾಕ್ಷಸ ವೇಷ ಹಾಕಿ ನಡೆಯಲಿ. ದೆವ್ವದ ಮನೆಯ ಹಳಬರನ್ನೂ ಜೊತೆಗೆ ಕರೆಯೋಣ. ಬಂದ ಹಣ ಅದೇ ಆಹಾರ ಭಂಡಾರಕ್ಕೆ ಹೋಗಲಿ. ಮಾಟಗಾತಿಯಾಗಿದ್ದ ಶಿಕ್ಷಕಿ ಈಗಾಗಲೇ ಒಪ್ಪಿದ್ದಾರೆ. ಅವರ ಖಜಾಂಚಿ ಲೆಕ್ಕ ಬರೆಯಲು ಒಪ್ಪಿದ್ದಾರೆ. ಪ್ರತಿ ಹೊಣೆಗೂ ಇಬ್ಬರಿರಬೇಕು, ಅವರಲ್ಲೊಬ್ಬರು ಇಪ್ಪತ್ತೈದರ ಒಳಗಿನವರಾಗಿರಬೇಕು ಎಂಬ ಷರತ್ತನ್ನು ಪ್ರಸ್ತಾಪದಲ್ಲಿ ಸೇರಿಸಿದ್ದೇನೆ. ಕೂಟದಲ್ಲಿ ತಾಸೆ ಬಡಿಯಲು ಬಲ್ಲವರು ಇದ್ದರೆ ದಯವಿಟ್ಟು ಬೇಗ ಮುಂದೆ ಬನ್ನಿ. ಮೆರವಣಿಗೆಗೆ ಹೆಸರು ಕೊಡುವ ಅರ್ಜಿಯಲ್ಲಿ ವಾದ್ಯಗಳ ವಿವರವನ್ನೂ ತುಂಬಬೇಕಾಗಿದೆ.